ಮೇಲಕ್ಕೆ ಎತ್ತುವ ಹಿಡಿ

ಊರಿನವರೆಲ್ಲ ಅವನನ್ನು ತುಕ್ಕಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರಿನಿಂದ ಯಾರಾದರೂ ಕೂಗಿದರೆ ಅವನು ತಲೆಯನ್ನೂ ಎತ್ತುತ್ತಿರಲಿಲ್ಲ. ಹೊಟ್ಟೆಪಾಡಿಗೆ ಗ್ಯಾರೇಜಿನಲ್ಲಿ ರಿಪೇರಿ ಕೆಲಸ, ಹುಚ್ಚು ಮಾತ್ರ ಹಳೇ ಕಾರುಗಳ ಬಿಡಿಭಾಗಗಳದ್ದು. ಗುಜರಿ ಅಂಗಡಿಯ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಹಾರ್ನಿನ ಗುಂಡಿಯನ್ನೋ ರೇಡಿಯೇಟರಿನ ಮುಚ್ಚಳವನ್ನೋ ಹೊರಗೆಳೆಯುತ್ತಿದ್ದ. ಹೆಬ್ಬೆರಳಿನಿಂದ ಮಣ್ಣು ಒರೆಸಿ, "ಇದು ಯುದ್ಧಕ್ಕೆ ಮುಂಚಿನದು. ಆಮೇಲೆ ಬಂದಿದ್ದಕ್ಕೆ ಅಂಚು ಇಷ್ಟು ದಪ್ಪ ಇರಲ್ಲ" ಎನ್ನುತ್ತಿದ್ದ. ಮದುವೆಯ ಮಾತು ಬಂದಾಗಲೆಲ್ಲ ಗುಜರಿ ಅಂಗಡಿಯವನು, "ಇವನು ಹೆಣ್ಣಿಗೂ ಮಾಡೆಲ್ ನಂಬರು ಕೇಳ್ತಾನೆ ಬಿಡಿ" ಎಂದು ಚುಡಾಯಿಸುತ್ತಿದ್ದ. ಕೊನೆಗೂ ಮದುವೆ ಆಗಲಿಲ್ಲ.

ಅವನ ಸಂಪತ್ತೆಲ್ಲ ಇದ್ದದ್ದು ಅಕ್ಕನ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಬಿಸ್ಕತ್ತಿನ ಡಬ್ಬಿಗಳು. ಒಂದರಲ್ಲಿ ನಿಂತುಹೋದ ಗಡಿಯಾರಗಳು, ಇನ್ನೊಂದರಲ್ಲಿ ಕಾರಿನ ದೀಪದ ಸುತ್ತ ಕೂರುವ ಬಳೆಗಳು, ಮತ್ತೊಂದರಲ್ಲಿ ಬಾಗಿಲ ಹಿಡಿಗಳು. ಡಬ್ಬಿಗಳ ಮೇಲೆ ಚೀಟಿ ಅಂಟಿಸಿರಲಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ಯಾವುದು ಎಲ್ಲಿದೆ ಎಂದು ಕೈಗೆ ಗೊತ್ತಿತ್ತು.

ಅವನು ತಾಮ್ರ ಹಿತ್ತಾಳೆ ಉಜ್ಜುತ್ತಿದ್ದದ್ದು ಭಾವನ ಅಂಗಿಗಳ ಚಿಂದಿಯಿಂದ. ಅಕ್ಕನೇ ಕೊಟ್ಟಿದ್ದಳು. ಹನ್ನೆರಡು ವರ್ಷದ ಹಿಂದೆ ಅವಳ ಗಂಡ ಒಂದು ಸಂಜೆ ಕಾರು ಹತ್ತಿ ಹೋದವನು ತಿರುಗಿ ಬರಲಿಲ್ಲ. ಮೊದಲು ಅಕ್ಕ ಕಾದಳು, ಆಮೇಲೆ ಅತ್ತಳು. ಯಾವುದೋ ಊರಿನಲ್ಲಿ ಯಾರದೋ ಜೊತೆ ನೋಡಿದೆವೆಂದು ಒಬ್ಬಿಬ್ಬರು ಕಿವಿಗೆ ಹಾಕಿದ ಮೇಲೆ ಒಂದು ದಿನ ಹೊಲಿಗೆ ಮಿಷನ್ನಿನ ಮುಂದೆ ಕೂತು ಅವನ ಅಂಗಿಗಳನ್ನೆಲ್ಲ ಕತ್ತರಿಯಿಂದ ಚೌಕ ಚೌಕವಾಗಿ ಕತ್ತರಿಸಿ, "ತಗೋ, ನಿನ್ನ ತುಕ್ಕು ಒರೆಸೋಕಾದ್ರೂ ಆಗ್ಲಿ" ಎಂದು ಅವನ ಮುಂದೆ ಎಸೆದಳು. ಅವತ್ತಿನಿಂದ ಆ ಮನೆಯಲ್ಲಿ ಭಾವನ ಮಾತೆತ್ತುವ ಹಾಗಿರಲಿಲ್ಲ. ಬೀದಿಯ ಹೆಂಗಸರು ಬ್ಲೌಸಿನ ಅಳತೆ ಕೊಡಲು ಬಂದು, ಅಳತೆ ಮುಗಿದ ಮೇಲೂ ಒಂದು ಗಳಿಗೆ ನಿಂತು, ಗಂಡ ಬಿಟ್ಟವಳನ್ನು ನೋಡುವ ನೋಟದಲ್ಲಿ ನೋಡಿ ಹೋಗುತ್ತಿದ್ದರು. ಅಂಥ ನೋಟಕ್ಕೆ ಸೂಜಿಗಿಂತ ಮೊನೆ ಜಾಸ್ತಿ. ಅಕ್ಕ ತಲೆ ತಗ್ಗಿಸಿ ಪೆಡಲು ತುಳಿಯುತ್ತಿದ್ದಳು.

ಭಾವ ಒಳ್ಳೆಯ ಮನುಷ್ಯ. ಅದನ್ನು ತುಕ್ಕಪ್ಪ ಮನಸ್ಸಿನಲ್ಲೇ ಹೇಳಿಕೊಳ್ಳಬೇಕಿತ್ತು. ತಾಯಿಯಿಲ್ಲದ ತಮ್ಮನನ್ನು ಸಾಕಿದ್ದು ಅಕ್ಕ. ಮದುವೆಯ ಹೊತ್ತಿಗೆ ಅವಳು, "ನಾನು ಬರೋದಾದ್ರೆ ಇವನೂ ಬರ್ತಾನೆ" ಎಂದು ಪಟ್ಟು ಹಿಡಿದಳು. ಭಾವ ನಕ್ಕು, "ಬರ್ಲಿ ಬಿಡು, ನನ್ನ ಕಾರಿಗೂ ಒಬ್ಬ ವೈದ್ಯ ಬೇಕು" ಎಂದಿದ್ದ. ಅಂಗಡಿ ಅಂಗಡಿಗೆ ಗುಂಡಿ, ದಾರ ಹಂಚುವುದು ಅವನ ಕಸುಬು. ಅದಕ್ಕೊಂದು ಎರಡೇ ಬಾಗಿಲಿನ ಓಬೀರಾಯನ ಕಾಲದ ಕಾರು. ಹಿತ್ತಲಿನ ಶೆಡ್ಡು ಕಟ್ಟಿಸಿಕೊಟ್ಟವನೂ ಅವನೇ.

ಆ ಋಣಕ್ಕೆ ತುಕ್ಕಪ್ಪ ಒಂದು ಉಡುಗೊರೆ ಕೊಟ್ಟ. ಗುಜರಿಯಲ್ಲಿ ಅವನಿಗೆ ಒಂದು ಹಿತ್ತಾಳೆಯ ಹಿಡಿ ಸಿಕ್ಕಿತ್ತು, ಎಲೆಯ ಆಕಾರದ್ದು, ನಡುವೆ ನರಗಳನ್ನೂ ಕೊರೆದಿದ್ದರು. ಅಂಥದ್ದನ್ನು ಅವನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅದು ಬೇರೆ ಜಾತಿಯ ಕಾರಿಗೆ ಹುಟ್ಟಿದ್ದು. ಭಾವನ ಕಾರಿನ ಹಿಡಿಯನ್ನು ಕೆಳಕ್ಕೆ ಒತ್ತಿದರೆ ಬಾಗಿಲು ತೆರೆಯುತ್ತಿತ್ತು, ಇದನ್ನು ಮೇಲಕ್ಕೆ ಎತ್ತಬೇಕು. ಆದರೇನು, ಅಷ್ಟು ಚಂದದ ವಸ್ತು ಡಬ್ಬಿಯಲ್ಲಿ ಕೊಳೆಯಬೇಕೇ? ಒಂದು ಭಾನುವಾರ ಪೂರ್ತಿ ಕೂತು, ಕಂಬಿ ಬಗ್ಗಿಸಿ, ತೂತು ಕೊರೆದು, ಅದನ್ನು ಡ್ರೈವರ್ ಕಡೆಯ ಬಾಗಿಲಿಗೆ ಒಳಗಿನಿಂದ ಕೂರಿಸಿದ. ತಿಳಿದ ಯಾವ ಮೆಕ್ಯಾನಿಕ್ಕೂ ಮಾಡುವ ಕೆಲಸವಲ್ಲ ಅದು. ಚಂದಕ್ಕೆ ಮರುಳಾದವನು ಮಾತ್ರ ಮಾಡುತ್ತಾನೆ.

ಭಾವನಿಗೆ ಅದು ಅಭ್ಯಾಸವಾಗಲೇ ಇಲ್ಲ. ಪ್ರತಿ ಸಲ ಕೆಳಕ್ಕೆ ಒತ್ತುವುದು, ಬಾಗಿಲು ಜಪ್ಪಯ್ಯ ಅನ್ನದಿರುವುದು, ಪಕ್ಕದಲ್ಲಿ ಕೂತ ಅಕ್ಕ ಕೈ ಚಾಚಿ, "ಮೇಲಕ್ಕೆ ರೀ, ಮೇಲಕ್ಕೆ" ಎಂದು ಎತ್ತುವುದು. ಇಬ್ಬರೂ ನಗುತ್ತಿದ್ದರು. ಒಬ್ಬನೇ ಇದ್ದ ದಿನ ಮಾತ್ರ ಭಾವ ಕಾರಿನೊಳಗೆ ಬೆವರುತ್ತಾ ಗುದ್ದಾಡುವುದನ್ನು ತುಕ್ಕಪ್ಪ ಶೆಡ್ಡಿನಿಂದಲೇ ನೋಡಿದ್ದ.

ಹೋದ ವಾರ ಊರಾಚೆ, ಊರಿಗೆ ಬರುವ ದಾರಿಯ ತಿರುವಿನಲ್ಲಿದ್ದ ಹಳೇ ಕಲ್ಲುಕ್ವಾರಿಯ ನೀರು ತೆಗೆಸಿದರು. ಮತ್ತೆ ಕಲ್ಲು ತೆಗೆಯಬೇಕೆಂದು ಯಾರೋ ಗುತ್ತಿಗೆ ಹಿಡಿದಿದ್ದರು. ನೀರು ತಳ ಮುಟ್ಟಿದಾಗ ಕೆಸರಿನಲ್ಲಿ ಒಂದು ಕಾರು ಕಾಣಿಸಿತು. ನಂಬರಿನ ತಗಡು ಉದುರಿಹೋಗಿತ್ತು, ಎಂಜಿನ್ನಿನ ಮೇಲಿನ ಅಂಕಿಗಳನ್ನು ತುಕ್ಕು ತಿಂದಿತ್ತು. ಯಾವ ಕಾಲದ ಯಾವ ಕಾರೆಂದು ಹೇಳಲು ಪೊಲೀಸರು ತುಕ್ಕಪ್ಪನಿಗೆ ಹೇಳಿಕಳಿಸಿದರು.

ಹೇಳಲು ನಾಚಿಕೆಯಾಗಬೇಕು, ಅವನು ಖುಷಿಯಾಗಿಯೇ ಹೊರಟ. ನೀರಿನೊಳಗಿದ್ದ ಗಡಿಯಾರ ಉಳಿದಿರಬಹುದೇ, ದೀಪದ ಬಳೆ ಸಿಗಬಹುದೇ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಸೈಕಲ್ಲು ತುಳಿದ. ಒಳಗಿದ್ದವನ ಅಳಿದುಳಿದ ಮೂಳೆಗಳನ್ನು ಆಗಲೇ ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದರು.

ಕಾರು ಬಂಡೆಗೆ ಒರಗಿ ನಿಂತಿತ್ತು. ಡ್ರೈವರ್ ಪಕ್ಕದ ಸೀಟಿನ ಕಡೆಯ ಬಾಗಿಲು ಕಲ್ಲಿಗೆ ಕಚ್ಚಿಕೊಂಡಿತ್ತು. ತುಕ್ಕಪ್ಪ ಹಿಂಬದಿಯ ಕಿಟಕಿಯ ಚೌಕಟ್ಟು ಮುಟ್ಟಿದ, ಬಾನೆಟ್ಟಿನ ಕೀಲು ಮುಟ್ಟಿದ, ಕಾರಿನ ಜಾತಿ ಹೇಳಿಬಿಟ್ಟ. ಹೇಳಿದ ಮೇಲೆ ಹೊಳೆಯಿತು, ಭಾವನದೂ ಅದೇ ಜಾತಿ. ಬಗ್ಗಿ, ಪೊಲೀಸರು ಒಡೆದಿದ್ದ ಕಿಟಕಿಯಿಂದ ಡ್ರೈವರ್ ಬಾಗಿಲಿನ ಒಳಗೆ ಕೈ ಹಾಕಿ, ಕೆಸರನ್ನು ಹೆಬ್ಬೆರಳಿನಿಂದ ಒರೆಸಿದ. ಎಲೆಯ ನರಗಳು ಬೆರಳಿಗೆ ಸಿಕ್ಕವು.

ಹಿಡಿ ಕೆಳಕ್ಕೆ ಬಗ್ಗಿತ್ತು. ಅಷ್ಟು ದಪ್ಪದ ಹಿತ್ತಾಳೆ ಒಂದು ಕೈಯಲ್ಲಿ ಬಗ್ಗುವುದಿಲ್ಲ. ಎರಡೂ ಕೈ ಕೊಟ್ಟು, ಕಾಲು ಕೊಟ್ಟು, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದ್ದ ಭಾವ, ಕತ್ತಲ ನೀರಿನಲ್ಲಿ, ಕೆಳಕ್ಕೆ, ಕೆಳಕ್ಕೆ. ತುಕ್ಕಪ್ಪ ಕೆಸರಿನಲ್ಲೇ ಕುಸಿದು ಕೂತ.

"ಯಾರ ಕಾರು ಅಂತ ಗೊತ್ತಾಯ್ತಾ?" ಎಂದು ಪೊಲೀಸ್ ಅಧಿಕಾರಿ ಕೇಳಿದ.

"ನಮ್ಮ ಭಾವನದು."

"ಬಾಗಿಲು ಯಾಕೆ ತೆಗೀಲಿಲ್ಲ ಆತ? ಈ ಕಡೆ ಏನೂ ಅಡ್ಡ ಇಲ್ವಲ್ಲ."

ತುಕ್ಕಪ್ಪ ಹೆಬ್ಬೆರಳಿನ ಕೆಸರನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ. ಅಧಿಕಾರಿ ಅವನ ಮುಖ ನೋಡಿ, ಪಾಪ ಎಂದುಕೊಂಡು, ಹಳೇ ಕಾರು, ಆಗಲೇ ತುಕ್ಕಿಗೆ ಕಚ್ಚಿಕೊಂಡಿರಬೇಕು ಎಂದು ತಾನೇ ಉತ್ತರ ಹೇಳಿಕೊಂಡ. ಹಿಡಿಯನ್ನು ಬೇಕಾದರೆ ಆಮೇಲೆ ಕೇಳಿ ಪಡೆಯಬಹುದಿತ್ತು. ಜೀವಮಾನದಲ್ಲಿ ಮೊದಲ ಸಲ ತುಕ್ಕಪ್ಪನಿಗೆ ಒಂದು ವಸ್ತು ಬೇಡವೆನಿಸಿತು.

ವಾಪಸ್ಸು ಬರುವಾಗ ಸೈಕಲ್ಲನ್ನು ತಳ್ಳಿಕೊಂಡೇ ಬಂದ. ಭಾವ ಸತ್ತ ಸುದ್ದಿ ಹೇಳುವುದು ಅವನಿಗೆ ಭಾರವಾಗಿರಲಿಲ್ಲ. ಗಂಡ ಬಿಟ್ಟವಳೆಂಬ ಹೆಸರಾದರೂ ಅಕ್ಕನಿಂದ ಕಳಚಿಬೀಳುತ್ತದೆ. ಭಾರ ಇದ್ದದ್ದು ಹಿಡಿಯ ವಿಷಯದ್ದು. ಅವನಿಗೆ ಈ ಭೂಮಿಯ ಮೇಲೆ ಇರುವವಳು ಅಕ್ಕ ಒಬ್ಬಳೇ, ಅವಳೂ ಮುಖ ತಿರುಗಿಸಿದರೆ ಹೋಗುವುದೆಲ್ಲಿಗೆ? ಹೇಳದೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಕೆಸರು ಮೆತ್ತಿದ ಹಿಡಿ ಅದಾಗಿ ಬಾಯಿ ಬಿಡುವುದಿಲ್ಲ.

ಅಕ್ಕ ಅಂಗಿಯೊಂದಕ್ಕೆ ತೋಳು ಕೂರಿಸುತ್ತಿದ್ದಳು. ಕ್ವಾರಿಯ ಕಾರು ಭಾವನದೆಂದು ಕೇಳಿದೊಡನೆ ಅವಳ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು.

"ಹಾಗಾದ್ರೆ ಅವರು ಎಲ್ಲೂ ಹೋಗಿರಲಿಲ್ಲ" ಎಂದಳು ಕೊನೆಗೆ. "ಮನೆಗೇ ಬರ್ತಿದ್ರು."

ಆಮೇಲೆ ಅಳು ಬಂತು. ಹನ್ನೆರಡು ವರ್ಷ ಶಾಪ ಹಾಕಿದ ಬಾಯಿಂದಲೇ "ತಪ್ಪಾಯ್ತು ರೀ, ತಪ್ಪಾಯ್ತು" ಎಂದು ಬಿಕ್ಕಿದಳು. ಎದ್ದು ಬೀರು ತೆಗೆದಳು, ಅಂಗಿಗಳಿಲ್ಲವೆಂದು ನೆನಪಾಗಿ ಹಾಗೇ ಮುಚ್ಚಿದಳು. ತುಕ್ಕಪ್ಪ ಬಾಗಿಲ ಬಳಿಯೇ ನಿಂತಿದ್ದ, ಅವನ ಕಾಲಿನ ಕೆಸರು ನೆಲದ ಮೇಲೆ ಒಣಗುತ್ತಿತ್ತು.

ಅಳು ನಿಂತ ಮೇಲೆ ಅಕ್ಕ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ಆ ಎಲೆ ಹಿಡಿ ಇನ್ನೂ ಹಾಗೇ ಇತ್ತಾ?"

ಸುಳ್ಳು ಹೇಳಲು ಅವನು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದ. ಸಾಕಿದವಳ ಮುಂದೆ ಆ ಸುಳ್ಳು ಹುಟ್ಟಲಿಲ್ಲ.

"ಇತ್ತು. ಕೆಳಕ್ಕೆ ಬಗ್ಗಿತ್ತು."

ಅಕ್ಕ ತನ್ನ ಬಲಗೈಯನ್ನು ನೋಡಿಕೊಂಡಳು. "ಯಾವಾಗ್ಲೂ ನಾನೇ ಎತ್ತುತ್ತಿದ್ದೆ. ಅವರಿಗೆ ಕಲಿಯೋಕೇ ಬಿಡಲಿಲ್ಲ. ಅವತ್ತು ಬಾ ಅಂತ ಕರೆದ್ರು ಕಣೋ, ಹೊಲಿಗೆ ಇದೆ ಅಂದೆ." ತಲೆ ಎತ್ತಿ ಕೇಳಿದಳು, "ಅದನ್ನ ಬದಲಾಯಿಸು ಅಂತ ನಿನಗೆ ಹೇಳಿರಲಿಲ್ವಾ ಅವರು?"

"ಹೇಳಿದ್ರು."

"ಯಾವಾಗ?"

"ಅವತ್ತೇ, ಹೊರಡೋಕೆ ಮುಂಚೆ. ಹಳೇದನ್ನೇ ಹಾಕ್ಕೊಡೋ, ಇದು ನನಗೆ ಒಗ್ಗಲ್ಲ ಅಂದ್ರು. ನಾಳೆ ಹಾಕ್ತೀನಿ ಅಂದೆ. ತೆಗೆಯೋಕೆ ಮನಸ್ಸೇ ಬರಲಿಲ್ಲ ಅಕ್ಕಾ, ಅಷ್ಟು ಚೆನ್ನಾಗಿತ್ತು."

ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಅವನು ಕಾದ. ಅಕ್ಕ ಬೈಯಲಿಲ್ಲ.

"ಹಳೇದು ಎಲ್ಲಿದೆ?"

ಅವನು ಶೆಡ್ಡಿಗೆ ಹೋದ. ಎರಡನೆಯ ಹಲಗೆ, ಮೂಲೆಯ ಡಬ್ಬಿ. ಹುಡುಕಬೇಕಾಗಲಿಲ್ಲ, ಕೈ ನೇರ ಅದರ ಮೇಲೇ ಹೋಯಿತು. ಸಾದಾ ಕಬ್ಬಿಣದ ಹಿಡಿ, ನೋಡಲು ಏನೂ ಅಲ್ಲ, ಅದರ ಸ್ಕ್ರೂಗಳೂ ಜೊತೆಗೇ ಇದ್ದವು, ಭಾವನ ನೀಲಿ ಅಂಗಿಯ ಒಂದು ಚೌಕದಲ್ಲಿ ಸುತ್ತಿಟ್ಟಿದ್ದ. ಅವನು ವಾಪಸ್ಸು ಬಂದಾಗ ಅಕ್ಕ ನಿಂತಲ್ಲಿಂದ ಕದಲಿರಲಿಲ್ಲ.

ಅವಳು ಮಿಷನ್ನಿನ ಮುಂದೆ ಕೂತು, ಬಟ್ಟೆಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಹಿಡಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಮೆಲ್ಲಗೆ ಕೆಳಕ್ಕೆ ಒತ್ತಿ ನೋಡಿದಳು, ಮತ್ತೊಮ್ಮೆ ಒತ್ತಿದಳು.

"ಇಷ್ಟು ಬೇಗ ಸಿಕ್ತಾ?" ಎಂದು ಕೇಳಿದಳು.