ಕಟ್ಟಿ ಬಿಟ್ಟು ಎದ್ದವರು

ನಮ್ಮ ಮನಿ ಮುಂದ ಒಂದು ಕಟ್ಟಿ ಅದ. ಶಹಾಬಾದ ಕಲ್ಲು ಹಾಸಿದ್ದು, ಮುದುಕರ ಸೊಂಟಕ್ಕ ಅಳತಿ ತಗೊಂಡು ಕಟ್ಟಿದಂಗ ಹದವಾದ ಎತ್ತರ. ರಾಯಚೂರಿನ ಬಿಸಲು ಹಗಲೆಲ್ಲ ಕುಡಿದು ಕುಡಿದು, ಸಂಜಿ ಹೊತ್ತಿಗೆ ಆ ಕಲ್ಲು ಒಳಗಿಂದ ಬೆಚ್ಚಗಾಗಿರತದ. ಮಡಚಲಾರದ ನನ್ನ ಎಡಗಾಲಿಗೆ ಅದರಷ್ಟು ಸುಖ ಕೊಡೋ ಎಣ್ಣಿ ಯಾವ ಅತ್ತಾರನ ಅಂಗಡಿಯೊಳಗೂ ಸಿಗಲಿಲ್ಲ. ಕಟ್ಟಿ ಅಂದರ ಕುಂದರಾಕ ಇರೋದು ಅಂತ ನೀವು ತಿಳಕೊಂಡಿರಬೇಕು. ನಾನೂ ಅರ್ಧ ಆಯುಷ್ಯ ಹಂಗ ತಿಳಕೊಂಡಿದ್ದೆ. ಕಟ್ಟಿ ಮ್ಯಾಲಿಂದ ಏಳೋದರೊಳಗೂ ಒಂದು ಅರ್ಥ ಅದ ಅನ್ನೋದನ್ನ ನನಗ ಕಲಿಸಿದ್ದು ಒಂದು ಕುದುರಿ, ಮತ್ತ ಅರಕೇರಾದ ನಾಕು ಮಂದಿ ಮುದುಕರು.

ಇವತ್ತು ಸಂಜಿಯಿಂದ ನನ್ನ ಎದಿ ತುಂಬಿ ಹೊರಗ ಚೆಲ್ಲಾಕತ್ತದ. ಅದಕ್ಕ ಬರಿಯಾಕ ಕುಂತೀನಿ. ಮೂರನೇತ್ತಾಕ್ಕ ಸಾಲಿ ಬಿಟ್ಟವನ ಬರವಣಿಗಿ ಇದು. ಅಂಕುಡೊಂಕು ಕಂಡರ, ಕಾಲುದಾರಿ ಹಿಡಿದು ಹೊಂಟೀವಿ ಅಂತ ತಿಳಕೊಂಡು ನನ್ನ ಜೋಡಿ ಬರ್ರಿ.

ಆಗ ನಾವು ದೇವದುರ್ಗದಾಗ ಇದ್ವಿ. ಕುಪ್ಪಸದ ಖಣ ಮಾರೋದು ನನ್ನ ಕಸುಬು. ಗಂಟು ಜೀನಿನ ಹಿಂದ ಬಿಗಿದು, ಬಾದಾಮಿಯನ್ನ ಏರಿ, ಹಳ್ಳಿಯಿಂದ ಹಳ್ಳಿಗೆ ತಿರುಗತಿದ್ದೆ. ಬಾದಾಮಿ ನನ್ನ ಹೆಣ್ಣುಕುದುರಿ. ಬಣ್ಣಕ್ಕೂ ಅದೇ ಹೆಸರು, ಸ್ವಭಾವಕ್ಕೂ ಅದೇ, ಮ್ಯಾಲ ಗಟ್ಟಿ, ಒಳಗ ಸಿಹಿ. ಕುದುರಿ ಮ್ಯಾಲ ಕುಂತವನ ಜಗತ್ತು ಬ್ಯಾರೆ ನೋಡ್ರಿ. ನಡೆಯೋವನಿಗೆ ಬೇಲಿ ಕಾಣತದ. ಸವಾರನಿಗೆ ಬೇಲಿಯ ಆಚಿ ಹೊಲ ಕಾಣತದ. ತೆನಿ ಕಟ್ಟಿದ ಜ್ವಾಳದ ಹೊಲವನ್ನ ತೆನಿಯ ತಲಿ ಮ್ಯಾಲಿಂದ ನೋಡೋ ಭಾಗ್ಯ ಹಕ್ಕಿಗೆ ಬಿಟ್ಟರ ಸವಾರನಿಗೆ ಮಾತ್ರ. ಮುಂಜಾನಿ ಥಂಡಿಯೊಳಗ ಅದರ ಬೆವರಿನ ವಾಸನಿ, ಜೀನಿನ ಚರ್ಮದ ಕಿರಕಿರ, ನನ್ನ ಉಸಿರಿಗೆ ತಾಳ ಹಾಕಿದಂಗ ಅದರ ಗೊರಸು. ಇವು ಇದ್ದಾಗ ಅದಾವ ಅಂತ ಗೊತ್ತಾಗೋದಿಲ್ಲ. ಇಲ್ಲದಾಗ ಒಂದೊಂದೂ ಹೆಸರು ಹಿಡಿದು ಕರೀತಾವು.

ಆ ಸೀಮಿಯೊಳಗ ಸವಾರನಿಗೆ ಒಂದು ರಿವಾಜು ಇತ್ತು. ಊರಬಾಗಿಲ ಅಗಸಿ ಕಟ್ಟಿ ಮ್ಯಾಲ ಹಿರಿಯರು ಕುಂತಿದ್ದರ, ಅವರ ಮುಂದ ಕುದುರಿ ಮ್ಯಾಲ ಕುಂತು ಹಾದು ಹೋಗಬಾರದು. ಇಳೀಬೇಕು, ಲಗಾಮು ಹಿಡಿದು ನಡೀಬೇಕು, ಕಟ್ಟಿ ದಾಟಿದ ಮ್ಯಾಲ ಮತ್ತ ಏರಬೇಕು. ಯಾರೂ ಬರೆದಿಟ್ಟದ್ದಲ್ಲ, ಆದರ ತಪ್ಪಿದವನ ಖಣ ಆ ಊರೊಳಗ ಯಾವ ಹೆಣ್ಣುಮಗಳೂ ಮುಟ್ಟತಿರಲಿಲ್ಲ. ನನಗೇನೂ ಭಾರ ಅನಿಸತಿರಲಿಲ್ಲ. ಹಕ್ಕಿಯಂಗ ಇಳೀತಿದ್ದೆ, ಹಕ್ಕಿಯಂಗ ಏರತಿದ್ದೆ.

ಒಂದು ಮಳಿಗಾಲ ಅರಕೇರಾ ದಾರಿಯ ಹಳ್ಳದಾಗ ಬಾದಾಮಿಯ ಕಾಲು ಜಾರಿತು. ಬಿದ್ದದ್ದು ಇಬ್ಬರೂ, ಅದು ಎದ್ದಿತು, ನಾನು ಏಳಲಿಲ್ಲ. ಅದರ ಮೈ ಭಾರ ಪೂರಾ ನನ್ನ ಎಡಗಾಲ ಮ್ಯಾಲ ಬಿದ್ದಿತ್ತು. ರಾಯಚೂರಿನ ದವಾಖಾನಿಯೊಳಗ ಪಟ್ಟಿ ಹಾಕಿದರು, ಬಿಚ್ಚಿದರು, ಮತ್ತ ಹಾಕಿದರು. ಕಡಿಗೆ ಎಲುಬು ಕೂಡಿತು, ಮೊಣಕಾಲು ಮಾತ್ರ ಮುನಿಸಿಕೊಂಡು ಕುಂತುಬಿಟ್ಟಿತು. ಇನ್ನ ಇದು ಮಡಚಂಗಿಲ್ಲ ಅಂದರು. ಕುದುರಿಯನ್ನ ನೋಡಾವರು ಯಾರೂ ಇರಲಿಲ್ಲ ಅಂತ ನನ್ನ ಹೆಂಡತಿಯ ತಮ್ಮ ಕರೀಮ ಅದನ್ನ ಮಾನ್ವಿಗೆ ಹೊಡಕೊಂಡು ಹೋದ.

ಹೊರಸಿನ ಮ್ಯಾಲ ಬಿದ್ದವನಿಗೆ ಓಣಿಯೊಳಗ ಯಾವ ಗೊರಸಿನ ಸಪ್ಪಳ ಕೇಳಿದರೂ ಕುತ್ತಿಗಿ ತಾನಾಗೇ ಹೊರಳತಿತ್ತು. ನಿದ್ದಿಯೊಳಗ ಬಲಗಾಲು ಜೀನಿನ ಬಗಲಾಗ ಕಾಲಿಡೋ ರಿಕಾಪು ಹುಡುಕತಿತ್ತಂತ. ನನ್ನ ಹೆಂಡತಿ ಹೇಳತಿದ್ದಳು. ಮಂದಿ ಬಂದು, 'ಈಗ ಎಲ್ಲಾ ಕಡೆ ಬಸ್ಸು ಬಿಟ್ಟಾರಲ್ಲ, ಕುದುರಿ ಯಾಕ ಬೇಕು?' ಅಂತ ಸಮಾಧಾನ ಹೇಳತಿದ್ದರು. ಹಸಿವಿ ಆದವನಿಗೆ ನಿದ್ದಿ ಮಾಡು ಅಂದಂಗ ಆಗತಿತ್ತು ನನಗ.

ಎದ್ದು ಬಡಗಿಕೋಲು ಊರಿ ನಡಿಯಾಕ ಬಂದ ಮ್ಯಾಲ ನಾನು ಮೊದಲು ಮಾಡಿದ ಕೆಲಸ ಮಾನ್ವಿ ಬಸ್ಸು ಹತ್ತಿದ್ದು. ಕಾಲು ನಡುದಾರಿಯೊಳಗ ನೊಗದಂಗ ಚಾಚಿತ್ತು.

"ಯಜಮಾನ್ರ, ಕಾಲು ಒಳಗ ತಗೋರಿ," ಅಂದ ಕಂಡಕ್ಟರ.

"ಮಡಚಂಗಿಲ್ಲಪಾ ಅದು."

"ಹಂಗಾರ ಅದಕ್ಕೂ ಒಂದು ಟಿಕೀಟ ಹರೀಲೇನು?"

ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಆದರ ಕಿಟಕಿಯಿಂದ ನೋಡಿದರ ಬೇಲಿ ಅಷ್ಟೇ ಕಾಣಾಕತ್ತಿತ್ತು.

ಕಾಲುವಿ ದಂಡಿಯ ಹಸಿ ಹುಲ್ಲು ತಿಂದು ಬಾದಾಮಿ ಬಾಣಂತಿಯಂಗ ದುಂಡಗಾಗಿತ್ತು. ನನ್ನ ಭುಜದ ಮ್ಯಾಲ ಮೂತಿ ಇಟ್ಟು ಬಿಸಿ ಉಸಿರು ಬಿಟ್ಟಿತು. ಹಿಂದಿನಿಂದ ಕರೀಮ, "ದುಲೇಭಾಯಿ, ಬರೋ ವಾರ ಇದನ್ನ ಟಾಂಗಾಕ್ಕ ಹೂಡತೀನಿ. ಸುಮ್ಮನ ನಿಂತು ತಿಂದರ ಅದಕ್ಕೂ ಒಳ್ಳೇದಲ್ಲ," ಅಂದ. ಅಕ್ಕನ ಗಂಡನಿಗೆ ನಮ್ಮೊಳಗ ದುಲೇಭಾಯಿ ಅಂತಾರ. ಅವ ಪ್ರೀತಿಯಿಂದಲೇ ಅಂದಿದ್ದ, ತಪ್ಪೇನೂ ಇರಲಿಲ್ಲ. ಆದರ ಟಾಂಗಾದ ಗಾಡಿಮರದ ನಡುವ, ಕಣ್ಣಿಗೆ ಅಡ್ಡಪಟ್ಟಿ ಕಟ್ಟಿಸಿಕೊಂಡು ನಿಂತ ಬಾದಾಮಿ ನನ್ನ ಮುಂದ ಬಂದಂಗಾಯಿತು. ಜ್ವಾಳದ ತೆನಿ ನೋಡಿದ ಕಣ್ಣವು.

"ಒಮ್ಮೆ ನನ್ನ ಕುಂದರಸು," ಅಂದೆ.

"ಹೆಂಗ ದುಲೇಭಾಯಿ? ಎಡಗಾಲು ರಿಕಾಪಿಗೆ ಏಳಬೇಕಲ್ಲ."

ಅವನ ಮನಿ ಮುಂದ ಗಿರಣಿಗೆ ಹೋಗಾಕ ಭತ್ತದ ಚೀಲದ ನಿಟ್ಟು ಒಟ್ಟಿತ್ತು. ಮೆಟ್ಟಲಾ ಏರಿದಂಗ ಚೀಲ ಏರಿದೆ. ಬಾದಾಮಿಯನ್ನ ಬಗಲಿಗೆ ತಂದು ನಿಲ್ಲಿಸಿದ. ಬಲಗಾಲು ಆಚಿಗೆ ಹಾಕಿದೆ. ಎಡಗಾಲು ಈಚಿ ಕಡೆ ಬಾವಿ ಏತದ ಕೋಲಿನಂಗ ಜೋತು ಬಿತ್ತು. ಕುಂತಿದ್ದೆ.

"ಇಳಿಯೋದು ಹೆಂಗ?"

"ಇಳಿಯೋ ಮಾತು ಆಮ್ಯಾಲ ನೋಡೂಣು," ಅಂದೆ.

ಕಾಲುವಿ ದಂಡಿ ಹಿಡಿದು ಬಾದಾಮಿ ತುಂಬಿದ ಕೊಡ ಹೊತ್ತಾಕಿಯಂಗ ಹೆಜ್ಜಿ ಹಾಕಿತು. ನನ್ನ ಕಾಲಿನ ಸುದ್ದಿ ಅದಕ್ಕ ಯಾರು ಹೇಳಿದ್ದರೋ. ಭತ್ತದ ಗದ್ದಿ ಮ್ಯಾಲ ಬೀಸಿ ಬಂದ ಗಾಳಿ ಮುಖಕ್ಕ ಬಡಿದಾಗ ಕಣ್ಣಾಗ ನೀರು ಬಂದಿತ್ತು. ಗಾಳಿಗೆ ಬಂದದ್ದು ಅಂತಲೇ ಕರೀಮನಿಗೆ ಹೇಳಿದೆ.

ಕುದುರಿ ದೇವದುರ್ಗಕ್ಕ ತಿರುಗಿ ಬಂತು. ನನ್ನ ಹೆಂಡತಿ, "ನಕ್ಕೋ ಅಂದರ ನಕ್ಕೋ," ಅಂದಳು. ನಮ್ಮ ದಖನಿಯೊಳಗ ಬ್ಯಾಡ ಅನ್ನೋದಕ್ಕ ಅದಕ್ಕಿಂತ ಗಟ್ಟಿ ಮಾತಿಲ್ಲ. ಆಮ್ಯಾಲ ಕೇಳಿದಳು: "ಆಯಿತು, ನಮ್ಮ ಮನಿ ಕಟ್ಟಿಯಿಂದ ಏರತೀರಿ. ಖಣ ತಗೊಳ್ಳೋರ ಮನಿ ಕಟ್ಟಿಗೆ ಇಳೀತೀರಿ. ಅರಕೇರಾದ ಅಗಸಿ ಮುಂದ ಏನು ಮಾಡತೀರಿ?"

ಅಗಸಿ ಕಟ್ಟಿ ಹಿರಿಯರದು. ಅದರ ಮ್ಯಾಲ ಕಾಲಿಟ್ಟು ಕುದುರಿ ಏರೋ ಹಂಗಿಲ್ಲ. ಇಳಿದೆನೋ, ಜ್ವಾಳದ ಚೀಲದಂಗ ನಾಕು ಮಂದಿ ಎತ್ತಿ ಕುಂದರಸಬೇಕು. ಇಳೀಲಿಲ್ಲವೋ, ಮರ್ಯಾದಿ ಗೆಟ್ಟವ. ಆಕಿ ಒಂದು ಮಾತು ತಗೊಂಡಳು: ಯಾರರ ಎತ್ತಿ ಕುಂದರಸಬೇಕಾಗಿ ಬಂದರ, ಅವತ್ತಿಗೆ ಸವಾರಿ ಮುಗೀತು, ಬಾದಾಮಿ ಮಾನ್ವಿಯ ಟಾಂಗಾಕ್ಕ. ನಾನು ಆಕಿಯ ಕೈ ಮ್ಯಾಲ ಕೈ ಇಟ್ಟೆ.

ಅರಕೇರಾಕ್ಕ ಹೊಂಟ ಮುಂಜಾನಿ ದಾರಿಯುದ್ದಕ್ಕೂ ಹೊಲ ನೋಡಿದೆ, ಆದರ ವಿದಾಯ ಹೇಳೋವನಂಗ ನೋಡಿದೆ. ಹಳ್ಳ ದಾಟಿದ್ವಿ, ಬಿದ್ದ ಜಾಗಾದಾಗ ಬಾದಾಮಿ ತಾನಾಗೇ ನಿಂತು, ಮೂಸಿ, ಮೆಲ್ಲಕ ದಾಟಿತು. ಅಗಸಿ ಕಂಡಿತು. ಬೇವಿನ ನೆರಳಾಗ ಕಟ್ಟಿ, ಕಟ್ಟಿ ತುಂಬ ಹಿರಿಯರು. ನಡುವ ಬಸಪ್ಪ ತಾತ; ಊರಿಗೇ ಹಿರಿಯ, ಅವನ ತಲಿ ಮ್ಯಾಲಿನ ಪಟಗಾ ದೂರದಿಂದಲೇ ಗೊತ್ತಾಗತಿತ್ತು. ನಾನು ಲಗಾಮು ಜಗ್ಗಿದೆ. ಮೈ ಮುಂದಕ್ಕ ಬಾಗಿಸಿ, ಜೀನು ಹಿಡಿದು, ಬಲಗಾಲು ರಿಕಾಪಿನಿಂದ ತೆಗೆದೆ.

ಅಷ್ಟರಾಗ ಬಸಪ್ಪ ತಾತ ಎದ್ದು ನಿಂತ.

"ಏ, ಏಳ್ರಿಲೇ. ಎಮ್ಮಿ ಬಿಚ್ಚಿಕೊಂಡು ಹೋತು ನೋಡ್ರಿ."

ಕಟ್ಟಿ ಮ್ಯಾಲಿನ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು, ಆಮ್ಯಾಲ ನನ್ನ ಕಾಲು ನೋಡಿದರು. ಒಬ್ಬೊಬ್ಬರೇ ಎದ್ದರು. ಒಬ್ಬಾಂವ ರುಮಾಲು ಝಾಡಿಸಿದ, ಇನ್ನೊಬ್ಬಾಂವ ಮರೆತ ಕೆಲಸ ನೆನಪಾದವನಂಗ ಹಣಿ ಬಡಕೊಂಡ. ಹನುಮಂತ ತಾತ ಮಾತ್ರ ಕುಂತೇ ಇದ್ದ.

"ಯಾರ ಎಮ್ಮಿ?"

"ನಿಂದೇ."

"ನನ್ನ ಎಮ್ಮಿ ಹೋದ ವರ್ಷ ಮಾರೀನಲ್ಲೋ."

"ಮಾರಿದ್ದೇ ತಿರುಗಿ ಬಂದದ, ಏಳೋ ಮಾರಾಯ," ಅಂತ ರಟ್ಟಿ ಹಿಡಿದು ಅವನನ್ನೂ ಎಬ್ಬಿಸಿ, ಎಲ್ಲರೂ ಗ್ವಾಡಿ ಹಿಂದ ಮರಿ ಆದರು.

ಅಗಸಿ ಕಟ್ಟಿ ಖಾಲಿ ಇತ್ತು. ಖಾಲಿ ಕಟ್ಟಿಗೆ ಯಾರು ಇಳೀಬೇಕು? ಬಾದಾಮಿ ಅದರ ಮುಂದ ಮೆಲ್ಲಕ ನಡೀತು. ನಾನು ತಲಿ ಬಗ್ಗಿಸಿದೆ, ಯಾರೂ ಇಲ್ಲದ ಕಲ್ಲಿಗೆ. ಊರೊಳಗ ಹೊಕ್ಕ ಮ್ಯಾಲ ಹಿಂದ ಕೆಮ್ಮು ಕೇಳಿತು, ನಗಿ ಕೇಳಿತು. ಹಿರಿಯರು ತಿರುಗಿ ಬಂದು ಕುಂತಿದ್ದರು.

ಆಮ್ಯಾಲ ನಾನು ಹೋದಾಗೆಲ್ಲ ಆ ಎಮ್ಮಿ ಬಿಚ್ಚಿಕೊಂಡು ಹೋಗತಿತ್ತು. ಒಮ್ಮೆ ಬಸಪ್ಪ ತಾತನ ಮನಿ ಕಟ್ಟಿಗೆ ಇಳಿದಾಗ ಉಪಕಾರದ ಮಾತು ತೆಗೆದೆ. "ಕುಂತು ಕುಂತು ಸೊಂಟ ಹಿಡೀತಾವಪಾ," ಅಂದ, "ನಿನ್ನ ನೆವದಿಂದ ನಾಕು ಹೆಜ್ಜಿ ಅಡ್ಡಾಡತೀವಿ. ಖಣ ತೋರಸು, ಮಮ್ಮಗಳಿಗೆ ಹಸರು ದಂಡಿದು ಬೇಕಂತ." ಅಲ್ಲಿಗೆ ಆ ಮಾತು ಮುಗೀತು.

ಮರ್ಯಾದಿ ಅಂದರ ಕೇಳಿ ತಗೊಳ್ಳೋದು, ಕೊಡೋದು ಅಂತ ನಾವು ಲೆಕ್ಕ ಹಾಕತೀವಿ. ತನಗ ಬರಬೇಕಾದ ಮರ್ಯಾದಿಯನ್ನ, ಕೊಡಾಕ ಆಗದವನ ಮುಖ ನೋಡಿ, ಸದ್ದಿಲ್ಲದ ಬಿಟ್ಟು ಏಳೋ ಮಂದಿಗೆ ಏನಂತ ಕರೀಬೇಕೋ ನನಗ ತಿಳೀಲಿಲ್ಲ. ದೊಡ್ಡ ಸಾಲಿ ಕಲಿತವರಿಗೆ ಅದಕ್ಕೊಂದು ಶಬ್ದ ಗೊತ್ತಿದ್ದರ ಹೇಳ್ರಿ.

ಈಗ ಬಸಪ್ಪ ತಾತ ಇಲ್ಲ. ಬಾದಾಮಿಯೂ ಇಲ್ಲ, ಅದರ ಮಗಳು ಪಿಸ್ತಾ ಇದ್ದಾಳ. ನನ್ನ ಮಗ ರಾಯಚೂರಿನೊಳಗ ಮದುವಿ ಗಂಡುಗಳ ಮೆರವಣಿಗಿಗೆ ಪಿಸ್ತಾಳನ್ನ ಸಿಂಗಾರ ಮಾಡಿ ಕೊಡತಾನ. ನಾನು ಏರೋದು ಬಿಟ್ಟು ಬಹಳ ದಿವಸ ಆತು. ಸೊಂಟ ಒಪ್ಪೋದಿಲ್ಲ, ಮನಸು ಕೇಳೋದಿಲ್ಲ. ಕ್ವಾಟಿಯ ಕಡೆ ಹೊತ್ತು ಮುಳುಗೋ ಹೊತ್ತಿಗೆ ಈ ಕಟ್ಟಿ ಮ್ಯಾಲ ಕುಂತು, ಬಲಗಾಲಿನಿಂದ ಗಾಳಿಯೊಳಗ ರಿಕಾಪು ಹುಡುಕತೀನಿ. ಕುದುರಿಯಿಂದ ಇಳಿಬಹುದು ನೋಡ್ರಿ, ಕುದುರಿಯ ಆಸಿಯಿಂದ ಇಳಿಯಾಕ ಯಾವ ಕಟ್ಟಿಯೂ ಇಲ್ಲ.

ಇವತ್ತು ಸಂಜಿ ಕುಂತಿದ್ದೆ. ಓಣಿಯ ತುದಿಯಿಂದ ಗೊರಸಿನ ಸಪ್ಪಳ ಬಂತು. ಕುತ್ತಿಗಿ ಹೊರಳಿತು. ಪಿಸ್ತಾ, ಮ್ಯಾಲ ನನ್ನ ಮಮ್ಮಗಳು ನಸೀಮಾ. ಇಷ್ಟು ದಿವಸ ಅವರಪ್ಪ ಲಗಾಮು ಹಿಡಿದು ನಡೆಸತಿದ್ದ; ಇವತ್ತು ಹಿಡಿದವರಿಲ್ಲ, ಒಬ್ಬಾಕೇ. ಬೆನ್ನು ನೆಟ್ಟಗ, ಜಡಿ ಹಾರಾಕತ್ತದ, ಕಣ್ಣು ಬೇಲಿಯ ಆಚಿಗೆ.

ಕಟ್ಟಿ ಮ್ಯಾಲ ನನ್ನ ಕಂಡದ್ದೇ ತಡ, ಹುಡುಗಿ ಲಗಾಮು ಜಗ್ಗಿದಳು. ನಾನು ಹೇಳಿದ ಹಳೇ ಕಥಿ ಕೇಳಿ ಕೇಳಿ ರಿವಾಜು ಬಾಯಿಪಾಠ ಆಗೇದ ಆಕಿಗೆ. ಜೀನು ತಬ್ಬಿ, ಒಂದು ಕಾಲು ಇಳಿಬಿಟ್ಟು, ನೆಲ ಎಷ್ಟು ದೂರ ಅದ ಅಂತ ಬಗ್ಗಿ ನೋಡಾಕತ್ತಳು. ಇಳಿದರ ರಿಕಾಪು ಆಕಿಯ ಎದಿಮಟ್ಟ, ಹಿರಿಯ ಕುಂತ ಕಟ್ಟಿ ಮ್ಯಾಲ ಕಾಲಿಡೋ ಹಂಗಿಲ್ಲ, ತಾನಾಗೇ ಏರಲಾರಳು. ಯಾರರ ಎತ್ತಿ ಕುಂದರಸಬೇಕು. ಮೊದಲನೇ ಸವಾರಿ ಅಲ್ಲಿಗೇ ಮುಗೀತಿತ್ತು.

ನಾನು ಬಡಗಿ ಊರಿ ಎದ್ದೆ.

"ಇಳೀಬ್ಯಾಡ ಯವ್ವಾ. ಎಮ್ಮಿ ಬಿಚ್ಚಿಕೊಂಡು ಹೋಗೇದ, ನೋಡಿ ಬರತೀನಿ."

"ದಾದಾ, ನಮ್ಮ ಮನ್ಯಾಗ ಎಮ್ಮಿ ಎಲ್ಲದ?"

"ಅರಕೇರಾದಿಂದ ಬಂದದ," ಅಂತ ಹೇಳಿ, ಕುಂಟಿಕೋತ ಹೋಗಿ ಮನಿಯ ಮೂಲಿ ಹಿಂದ ನಿಂತೆ.

ಆಮ್ಯಾಲ ಆಕಿ ನಾಲಗಿಯಿಂದ ಚಕ್ಕ ಅನಿಸಿದಳು, ಗೊರಸು ಹೆಜ್ಜಿ ತಗೊಂಡವು, ಖಾಲಿ ಕಟ್ಟಿ ದಾಟಿದವು. ಗ್ವಾಡಿಗೆ ಕಿವಿ ಹಚ್ಚಿ, ಉಸಿರು ಹಿಡಿದು ಕೇಳಿದೆ. ಆ ಮುದುಕರೂ ಹಿಂಗೇ ನಿಂತು ನನ್ನ ಬಾದಾಮಿಯ ಹೆಜ್ಜಿ ಕೇಳತಿದ್ದರೇನೋ. ಸಪ್ಪಳ ಓಣಿಯ ತಿರುವಿನಾಗ ಕರಗಿದ ಮ್ಯಾಲ ತಿರುಗಿ ಬಂದು ಕುಂತೆ. ಕಲ್ಲು ಇನ್ನೂ ಬೆಚ್ಚಗಿತ್ತು.