ಅವ್ವನ ಹೆಸರಿನ ಸೀಡಿ

ನನ್ನ ಗಂಡನ ಅಣ್ಣನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಇಬ್ಬರೂ ಬೋಗಾದಿಯ ಒಂದೇ ಮನೆಗೆ ಸೊಸೆಯರಾಗಿ ಬಂದವರು, ಅವರು ನನಗಿಂತ ಆರು ವರ್ಷ ಮೊದಲು. ನಾನು ಕಾನ್ವೆಂಟಿನಲ್ಲಿ ಓದಿದವಳು; ಇಂಗ್ಲಿಷಿನಲ್ಲಿ ಕಾಗದ ಬರೆಯಬೇಕಾದರೆ ಮನೆಯವರೆಲ್ಲ ನನ್ನನ್ನು ಕೂಗುತ್ತಿದ್ದರು. ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಕಲಿತವರು. ಮನೆಗೆ ಕಂಪ್ಯೂಟರ್ ಬಂದಾಗ ಅದು ನನ್ನ ಪಾಲಿನದೆಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ಸೀಡಿಯ ಮೇಲೆಯೇ ನೇರವಾಗಿ ಅಚ್ಚು ಹಾಕುವ ಪ್ರಿಂಟರ್ ಬಂದ ಮೇಲೆ ಮಾತ್ರ ಆ ತೀರ್ಮಾನ ಬದಲಾಯಿತು.

ಪ್ರಿಂಟರ್ ತಂದವರು ನನ್ನ ಗಂಡ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಊರಿನಲ್ಲಿ ಎಲ್ಲರೂ ಸೀಡಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಯುತ್ತಿದ್ದ ಕಾಲ. ಇದರಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ. ಅದರ ನಡುವಿನ ಗುಬಟಿಗೆ ಸೀಡಿಯ ತೂತನ್ನು ಸಿಕ್ಕಿಸಿ ಒಳಗೆ ತಳ್ಳಿದರೆ, ಬಣ್ಣಬಣ್ಣದ ಚಿತ್ರ ಹೊತ್ತು ಹೊರಗೆ ಬರಬೇಕು. ಅದಕ್ಕೆಂದೇ ಮೇಲ್ಮೈ ಸುಣ್ಣ ಬಳಿದಂತೆ ಬೆಳ್ಳಗಿರುವ ಸೀಡಿಗಳು ಬೇರೆ ಸಿಗುತ್ತಿದ್ದವು. ಆದರೆ ನಮ್ಮಲ್ಲಿ ಚಿತ್ರ ಯಾವಾಗಲೂ ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕದಲ್ಲಿ ತದಿಗೆ ಚಂದ್ರನಂತೆ ಬಿಳಿ ಗೆರೆ ಉಳಿಯುತ್ತಿತ್ತು. ಹತ್ತು ಸೀಡಿ ಹಾಳು ಮಾಡಿ ಅವರು ಕೈಚೆಲ್ಲಿದರು. ಪ್ರಿಂಟರಿನ ಜೊತೆ ಬಂದ ಪುಸ್ತಕ ನೋಡಿ ನಾನೂ ಸೋತೆ.

ಹೊಲಿಗೆ ಯಂತ್ರದ ಮುಂದೆ ಕೂತು ಇದನ್ನೆಲ್ಲ ನೋಡುತ್ತಿದ್ದ ಅಕ್ಕ, "ಬುಡಮ್ಮ, ಸೀಡಿ ಯಾಕ್ ದಂಡ ಮಾಡ್ತೀಯ? ರವಿಕೆ ಬಟ್ಟೇನ ಯಾರಾದ್ರೂ ಅಳತೆ ಇಲ್ದೆ ಕತ್ತರಿಸ್ತಾರಾ?" ಅಂದರು. ದಪ್ಪ ಕಾಗದದ ಮೇಲೆ ಹಾಳಾದ ಸೀಡಿ ಇಟ್ಟು, ಸುತ್ತಲೂ ನಡುವಿನ ತೂತಿಗೂ ಗೆರೆ ಎಳೆದು, ಹತ್ತಾರು ದುಂಡು ಹಾಳೆ ಕತ್ತರಿಸಿದರು. ಒಂದೊಂದಾಗಿ ತಟ್ಟೆಗೆ ಸಿಕ್ಕಿಸಿ ಅಚ್ಚು ಹಾಕಿಸಿದರು. ಬಂದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ, "ಎಡಕ್ಕೆ ಅರ್ಧ ನೂಲು. ಮೇಲಕ್ಕೆ ಕಾಲು ನೂಲು" ಎಂದರು. ಒಂದು ನೂಲು ಎಂದರೆ ಅಂಗುಲದಲ್ಲಿ ಎಂಟನೆಯ ಒಂದು ಪಾಲು. ಅದನ್ನು ಮಿಲಿಮೀಟರಿಗೆ ತಿರುಗಿಸಿ ಕಂಪ್ಯೂಟರಿಗೆ ಹೇಳುವುದಷ್ಟೇ ನನ್ನ ಕೆಲಸ. ಮೂರನೆಯ ಹಾಳೆಗೆ ಬಿಳಿ ಗೆರೆ ಮಾಯವಾಯಿತು. ನನ್ನ ಗಂಡ ಸಂಜೆ ಬಂದು ನೋಡಿ, "ಅತ್ತಿಗೆ, ನೀವು ಇಂಜಿನಿಯರ್ ಆಗ್ಬೇಕಿತ್ತು" ಎಂದರೆ, "ಅಂಗಾಗಿದ್ರೆ ನಿಮ್ಮ ಪ್ಯಾಂಟಿಗೆ ಯಾರಪ್ಪ ಗುಂಡಿ ಹಾಕೋರು?" ಎಂದು ನಕ್ಕರು.

ಅಕ್ಕ ಇಷ್ಟು ಪಟ್ಟು ಹಿಡಿದದ್ದಕ್ಕೆ ಕಾರಣವಿತ್ತು. ಅದು ಅವರ ಅವ್ವನ ಹಾಡು.

ಅವ್ವನದು ಕುಂಬಾರಕೊಪ್ಪಲು. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎಂದು ಆ ಕಡೆಯವರೆಲ್ಲ ಹೇಳುತ್ತಿದ್ದರು. ತೊಂಬತ್ತರ ದಶಕದಲ್ಲಿ ನನ್ನ ಮದುವೆಯಲ್ಲೂ ಅವರೇ ಹಾಡಿದರು. ನೆಂಟರೊಬ್ಬರು ಟೇಪ್ ರೆಕಾರ್ಡರ್ ಇಟ್ಟು ಅದನ್ನು ಕ್ಯಾಸೆಟ್ಟಿಗೆ ಹಿಡಿದರು. ಆಮೇಲೆ ಆ ಕ್ಯಾಸೆಟ್ಟು ಮನೆಯಿಂದ ಮನೆಗೆ ಹೋಯಿತು, ಒಂದು ಹತ್ತಾಯಿತು. ಧ್ವನಿ ಉಳಿಯಿತು, ಹಾಡಿದವರು ಯಾರೆಂಬುದು ಕಳೆದುಹೋಯಿತು. ಒಮ್ಮೆ ನಾನೂ ಅಕ್ಕನೂ ಅವ್ವನೊಡನೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದಾಗ ಅದೇ ಹಾಡು ಹಾಕಿದ್ದರು. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಬೇರೆ ಯಾರದೋ ಹೆಸರು ನೀಲಿ ಪೆನ್ನಿನಲ್ಲಿತ್ತು. ನಾನು ಓದಿ ಹೇಳಿದಾಗ ಅವ್ವ ಊಟದೆಲೆಯ ಅಂಚನ್ನು ಮಡಿಸುತ್ತಾ, "ಓಗ್ಲಿ ಬುಡವ್ವ. ಹಾಡು ಕೇಳ್ತಾವ್ರಲ್ಲ" ಎಂದಷ್ಟೇ ಅಂದರು. ಮನೆಗೆ ಬಂದು ಚಪ್ಪಲಿ ಬಿಡುವಾಗ ಅಕ್ಕ, "ಹಾಡೋರೆಲ್ಲ ಒಟ್ಟಿಗೆ ಕೂತಿರೋವಾಗ ಅವ್ವನ ಹೆಸರಿರೋ ಸೀಡಿ ಒಂದೊಂದು ಎಲ್ಲರ ಕೈಗೂ ಕೊಡ್ಬೇಕು ಕಣೆ. ಚೀಟಿ ಅಂಟಿಸಿದ್ರೆ ಕಿತ್ಕೋಬೋದು. ಅದ್ರ ಮೈಮೇಲೇ ಇರ್ಬೇಕು" ಎಂದರು.

ಹಳೆಯ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಹಾಡುಗಳನ್ನು ಇಳಿಸಿಕೊಂಡೆವು. ನಡುವೆ ಯಾರೋ ಕೆಮ್ಮುವುದು, ಒಂದು ಚೊಂಬು ಉರುಳುವುದು, "ಕಾಫಿ ಕೊಟ್ರಾ?" ಎಂದು ಯಾರೋ ಕೇಳುವುದು ಎಲ್ಲವೂ ಬಂದವು. ನಾನು ಅಳಿಸಲು ಹೊರಟರೆ ಅಕ್ಕ, "ಇರ್ಲಿ, ಮದುವೆ ಮನೆ ಅಂದ್ಮೇಲೆ ಕಾಫಿ ಇರ್ಬೇಕಲ್ವಾ" ಎಂದರು.

ಮೊದಲು ಅವ್ವನ ಫೋಟೋ ಹಾಕಿ ನೋಡಿದೆವು. ಸೀಡಿಯ ತೂತು ಸರಿಯಾಗಿ ಮೂಗಿನ ಮೇಲೆ ಬಂತು. ಅದನ್ನು ತೋರಿಸಿದಾಗ ಅವ್ವ, "ನತ್ತು ಇಕ್ಕೋಕೆ ಇಷ್ಟ್ ದೊಡ್ಡ ತೂತು ಕೊರೆದಿದೀರಲ್ರಮ್ಮಿ! ಮೂಗೇ ಓಗ್ಬುಡ್ತು!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಫೋಟೋ ಬಿಟ್ಟೆವು. ತೂತನ್ನೇ ನಡುವಿನ ಚುಕ್ಕಿ ಮಾಡಿಕೊಂಡು ಅಕ್ಕ ಸುತ್ತಲೂ ಮದುವೆಮನೆಯ ರಂಗೋಲಿಯಂಥ ಹಸೆಯ ಎಳೆಗಳನ್ನು ಕಾಗದದ ಮೇಲೆ ಬರೆದುಕೊಟ್ಟರು; ಅದನ್ನು ನಾನು ಸ್ಕ್ಯಾನ್ ಮಾಡಿಸಿ ತಂದೆ. ಮೇಲೆ 'ಸೋಬಾನೆ ಹಾಡುಗಳು' ಎಂದು, ಕೆಳಗೆ ಅವ್ವನ ಹೆಸರು, ಕುಂಕುಮದ ಬಣ್ಣದಲ್ಲಿ. ಅವ್ವನಿಗೆ ಓದು ಬಾರದು. ಸ್ತ್ರೀಶಕ್ತಿ ಸಂಘದಲ್ಲಿ ರುಜು ಮಾಡಲು ಕಲಿತಿದ್ದರಿಂದ ತಮ್ಮ ಹೆಸರೊಂದನ್ನು ಮಾತ್ರ ಗುರುತು ಹಿಡಿಯುತ್ತಿದ್ದರು.

ಗೌರಿ ಹಬ್ಬದ ಸಂಜೆ ಕೊಡುವುದೆಂದು ಗೊತ್ತುಮಾಡಿದೆವು. ಅವ್ವನ ಜೊತೆ ಹಾಡುತ್ತಿದ್ದ ಹೆಂಗಸರೂ ನಮ್ಮ ಬೀದಿಯವರೂ ಸೇರಿ ಮೂವತ್ತೆರಡು ಜನ ಅರಿಶಿನ ಕುಂಕುಮಕ್ಕೆ ನಮ್ಮಲ್ಲಿಗೆ ಬರುವವರಿದ್ದರು. ಮೂರು ಮಧ್ಯಾಹ್ನ ಕೂತು ಮೂವತ್ತೆರಡು ಸೀಡಿಗೂ ಹಾಡು ತುಂಬಿ ಅಚ್ಚು ಹಾಕಿದೆವು. ಅಕ್ಕ ಒಂದೊಂದನ್ನೂ ಹಸಿ ಹಪ್ಪಳ ಎತ್ತುವ ಹಾಗೆ ಅಂಚು ಹಿಡಿದು ಎತ್ತಿ, ಮಂಚದ ಮೇಲಿನ ತೆಳು ಮಲ್ಲು ಬಟ್ಟೆಯ ಪಂಚೆಯ ಮೇಲೆ ಒಣಗಲು ಇಡುತ್ತಿದ್ದರು. ಮಿಕ್ಕಿದ್ದವು ಬರೀ ಎರಡು ಖಾಲಿ ಸೀಡಿ.

ಹಬ್ಬದ ದಿನ ಅವ್ವ ಮಗಳಿಗೆ ಬಾಗಿನ ತಂದು, ಊಟ ಮುಗಿಸಿ, ದೇವರ ಕೋಣೆಯಲ್ಲಿ ವೀಳ್ಯದೆಲೆ ತೊಳೆಯುತ್ತಾ ಕೂತಿದ್ದರು. ನಾವಿಬ್ಬರೂ ಅಡುಗೆಮನೆಯಲ್ಲಿದ್ದೆವು. ಸೀಡಿಗಳ ತಟ್ಟೆ ಗೌರಿಯ ಮುಂದಿತ್ತು. ಎರಡೂವರೆಯ ಹೊತ್ತಿಗೆ ನಾನು ಕರ್ಪೂರದ ಡಬ್ಬಿಗೆಂದು ಒಳಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಅವ್ವ ಎಲ್ಲ ಸೀಡಿಗಳನ್ನೂ ಚಾಪೆಯ ಮೇಲೆ ಸಾಲಾಗಿ ಹರಡಿದ್ದರು. ಒಂದೊಂದರ ಮೇಲೂ ಒದ್ದೆ ಬೆರಳಿನಿಂದ ಅರಿಶಿನ, ಅದರ ಮೇಲೆ ಕುಂಕುಮ. ಹೊಸ ಪಾತ್ರೆಯಾದರೂ, ಹೊಸ ಸ್ಕೂಟರ್ ಆದರೂ ಮೊದಲು ಮಾಡುವುದು ಅದನ್ನೇ ಅಲ್ಲವೇ? ಆದರೆ ಆ ಮಸಿ ನೀರಿನ ಮಸಿ. ಹೆಸರಿನ ಮೇಲೆ ಬೆರಳು ಬಿದ್ದಲ್ಲೆಲ್ಲ ಬಣ್ಣ ಕದಡಿ ಹರಡಿತ್ತು. ಒಂದನ್ನು ಸರಿಮಾಡಲು ಅವ್ವ ಸೆರಗಿನಿಂದ ಒರೆಸಿದ್ದರು. ಅದರಲ್ಲಿ ಹೆಸರೇ ಇರಲಿಲ್ಲ.

"ಅಯ್ಯೋ, ನನ್ನ ಕೈಯಾರೆ ನಾನೇ ಅಳಿಸ್ಬುಟ್ನಲ್ಲ ಮಗ" ಎಂದರು. ಬೆರಳಿನ ತುದಿ ಕೆಂಪಾಗಿತ್ತು. "ನನ್ನೆಸ್ರಿಗೆ ಅದ್ರ ಮೇಲಿರೋ ಯೋಗ ಇಲ್ಲ ಬುಡು."

ಹಿಂದೆಯೇ ಬಂದ ಅಕ್ಕ ಬಾಗಿಲಲ್ಲಿ ನಿಂತು ನೋಡಿದರು. ನಾನಾಗಿದ್ದರೆ ಅತ್ತೇ ಬಿಡುತ್ತಿದ್ದೆ. ಐದು ಗಂಟೆಗೆ ಜನ ಬರುತ್ತಾರೆ. ಹಬ್ಬದ ದಿನ ದೇವರಾಜ ಮೊಹಲ್ಲಾದ ಕಂಪ್ಯೂಟರ್ ಅಂಗಡಿಯೂ ಬಾಗಿಲು ತೆಗೆದಿರುವುದಿಲ್ಲ. ಅಕ್ಕ ಚಾಪೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದನ್ನು ಎತ್ತಿ ನೋಡಿದರು, ಇನ್ನೊಂದನ್ನು ಎತ್ತಿದರು, ಮತ್ತೊಂದನ್ನು. ಆಮೇಲೆ ನಿಧಾನವಾಗಿ ಹೇಳಿದರು:

"ಅವ್ವ, ಎಲ್ಲಾದಕ್ಕೂ ಒಂದೇ ಜಾಗದಲ್ಲಿ ಇಟ್ಟಿದೀಯಲ್ಲ! ಒಂದು ನೂಲೂ ಆಕಡೆ ಈಕಡೆ ಇಲ್ಲ."

ನನಗೆ ಅರ್ಥವಾಗಲಿಲ್ಲ. ಅಕ್ಕನೇ ಬಿಡಿಸಿ ಹೇಳಿದರು. ಕಲೆಯೆಲ್ಲ ಹೆಸರಿದ್ದ ಕಡೆ ಮಾತ್ರ. ಹಸೆಗೂ ಮೇಲಿನ ಬರಹಕ್ಕೂ ಏನೂ ಆಗಿಲ್ಲ. ಕಲೆ ಒಣಗಿಸಿ, ಅದೇ ಜಾಗಕ್ಕೆ ಹೆಸರನ್ನು ಇನ್ನೂ ದಪ್ಪ ಅಕ್ಷರದಲ್ಲಿ, ಇನ್ನೂ ಗಾಢ ಬಣ್ಣದಲ್ಲಿ ಮತ್ತೆ ಒತ್ತಿದರೆ ಮುಚ್ಚಿಹೋಗುತ್ತದೆ. "ಹರಿದ ಜಾಗಕ್ಕೆ ಪಟ್ಟಿ ಕೊಟ್ಟಂಗೆ. ಏಳು, ಟೈಪ್ ಮಾಡು."

ನಾನು ಅಕ್ಷರಗಳನ್ನು ಒಂದೂವರೆಪಟ್ಟು ಹಿಗ್ಗಿಸಿದೆ. ಅಕ್ಕ ಹತ್ತಿಯಿಂದ ಅರಿಶಿನವನ್ನು ಉಜ್ಜದೆ ಒತ್ತಿ ಒತ್ತಿ ತೆಗೆದು ಎಲ್ಲವನ್ನೂ ಫ್ಯಾನಿನ ಕೆಳಗೆ ಹರಡಿದರು. ಮೊದಲನೆಯದನ್ನು ಒಳಗೆ ಬಿಟ್ಟಾಗ ಹೆಸರು ಓರೆಯಾಗಿ ಬಿತ್ತು: ಸೀಡಿ ದುಂಡಗಿನದು, ತಟ್ಟೆಯಲ್ಲಿ ಯಾವ ಕಡೆಗೆ ಬೇಕಾದರೂ ತಿರುಗುತ್ತದೆ. ಅಕ್ಕ ಹೊಲಿಗೆಯ ಸೀಮೆಸುಣ್ಣದಿಂದ ತಟ್ಟೆಯ ಮೇಲ್ತುದಿಯಲ್ಲಿ ಒಂದು ಗೀಟು, ಕೆಳತುದಿಯಲ್ಲಿ ಒಂದು ಗೀಟು ಎಳೆದರು. ಒಂದು ದಾರವನ್ನು ಎರಡು ಗೀಟಿನ ನಡುವೆ ಬಿಗಿಯಾಗಿ ಹಿಡಿದು, ಹಸೆಯ ನಡುಗೆರೆ ದಾರದ ಅಡಿಗೆ ಬರುವವರೆಗೆ ಸೀಡಿಯನ್ನು ಉಗುರಿನ ತುದಿಯಿಂದ ಸರಿಸಿದರು. ಎರಡನೆಯದು ಬಂತು. ಹೊಸ ಹೆಸರು ಹಳೆಯ ಕಲೆಯ ಮೇಲೆ ಕೂತಿತ್ತು. ಹೋಗದೆ ಉಳಿದಿದ್ದ ಅರಿಶಿನದ ಹಳದಿ ಅದರ ಸುತ್ತ ತೆಳುವಾಗಿ ಕಾಣುತ್ತಿತ್ತು; ಬೇಕೆಂದೇ ಹಾಕಿದ ಬಣ್ಣದಂತೆ.

ಒಂದಕ್ಕೆ ಎರಡು ನಿಮಿಷ ಹಿಡಿಯುತ್ತಿತ್ತು. ಮೂವತ್ತು ಸಲ ಅಕ್ಕ ದಾರ ಹಿಡಿದರು. ಒಂದು ಸಲವೂ ಆತುರಪಡಲಿಲ್ಲ, ಅವ್ವನಿಗೆ ಒಂದು ಒರಟು ಮಾತು ಆಡಲಿಲ್ಲ. ನಡುವೆ "ಅವ್ವ, ಕೂತ್ಕೊಂಡು ಸುಮ್ನೆ ಯಾಕಿದ್ದೀಯ, ಒಂದು ಹಾಡು ಹೇಳು" ಎಂದರು. ಅವ್ವ ತೊಡೆಯ ಮೇಲೆ ಎರಡು ಕೈಯನ್ನೂ ಮೇಲ್ಮುಖವಾಗಿ ಇಟ್ಟುಕೊಂಡು, ಎಲ್ಲೂ ತಾಗಬಾರದೆಂಬಂತೆ ಕೂತಿದ್ದರು. ಸೆರಗಿನಿಂದ ಒರೆಸಿದ್ದಕ್ಕೂ ಓರೆಯಾದದ್ದಕ್ಕೂ ಬದಲಾಗಿ ಮಿಕ್ಕಿದ್ದ ಎರಡು ಖಾಲಿ ಸೀಡಿ ಒದಗಿದವು. ಅವಕ್ಕೆ ಹಾಡು ತುಂಬುವುದು ಮುಗಿಯುವಷ್ಟರಲ್ಲಿ ಹೊರಗೆ ಚಪ್ಪಲಿಗಳ ಸದ್ದು ಕೇಳಿತು.

ಹೆಂಗಸರು ಜಮಖಾನದ ಮೇಲೆ ಕೂತರು. ನಾನು ತಾಂಬೂಲ ಕೊಡುತ್ತಾ ಬಂದೆ. ಸೀಡಿಗಳನ್ನು ಅವ್ವನೇ ಕೊಡಬೇಕೆಂದು ಅಕ್ಕ ತಟ್ಟೆಯನ್ನು ಅವರ ಕೈಗೆ ಕೊಟ್ಟರು. ಅವ್ವ ಎರಡೂ ಕೈಯನ್ನು ಒಣ ಟವೆಲಿನಲ್ಲಿ ಮತ್ತೆ ಮತ್ತೆ ಒರೆಸಿಕೊಂಡರು. ಮೊದಲನೆಯವರು ಕುಂಬಾರಕೊಪ್ಪಲಿನ ಒಬ್ಬ ಹಿರಿಯರು. ಸೀಡಿಯನ್ನು ಎಲೆ, ಬಾಳೆಹಣ್ಣು, ಒದ್ದೆ ಹೂವಿದ್ದ ಚೀಲಕ್ಕೆ ಹಾಕಲು ಹೋದರು.

"ಏ ಏ, ಎಲೆ ಜೊತೆ ಇಕ್ಬೇಡ ಕಣಕ್ಕ!" ಅವ್ವ ಅವರ ಮಣಿಕಟ್ಟು ಹಿಡಿದುಕೊಂಡರು. "ನೀರು ತಾಕೀತು. ನನ್ನೆಸ್ರು ಅದೆ ಅದ್ರಲ್ಲಿ."

"ಎಲ್ಲೈತೆ?"

"ಇಲ್ನೋಡು. ಇದು ನಾನು."

ಪಕ್ಕದಲ್ಲಿ ಕೂತಿದ್ದ ನಮ್ಮ ಬೀದಿಯವರೊಬ್ಬರು ಸೀಡಿಯ ಮೇಲಿನ ಬರಹ ಓದುತ್ತಾ, "ಇದು ಆ ಮದುವೆ ಹಾಡಿನ ಕ್ಯಾಸೆಟ್ ಅಲ್ವಾ? ನಮ್ಮನೇಲೂ ಅದೆ. ಅದ್ಯಾರೋ ಬೇರೇವ್ರು ಹಾಡಿರೋದು ಅಂತಿದ್ರು" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕಣ್ಣಲ್ಲೇ ಬೇಡವೆಂದರು.

"ನಾನೇ ಕಣವ್ವ ಹಾಡಿರೋದು" ಎಂದರು ಅವ್ವ. "ಒದ್ದೆ ಕೈಲಿ ಮುಟ್ಟಬೇಡ, ನನ್ನೆಸ್ರು ಅಳಿಸೋಯ್ತದೆ."

ಆಮೇಲೆ ಮೂರನೆಯವರಿಗೆ, ನಾಲ್ಕನೆಯವರಿಗೆ. ಜಮಖಾನದ ಆ ಕೊನೆಯವರೆಗೂ ಅವ್ವ ಒಬ್ಬೊಬ್ಬರ ಮುಂದೆಯೂ ಬಗ್ಗಿ, ಅಕ್ಷರದ ಮೇಲೆ ಬೆರಳು ತಾಗದಂತೆ ತೋರಿಸಿ ಅದನ್ನೇ ಹೇಳುತ್ತಾ ಹೋದರು.