ನನ್ನ ಹೆಸರಿನಲ್ಲಿದ್ದ ಪ್ರಬಂಧಗಳು

ದೇವದುರ್ಗದ ಕಾಲೇಜಿನವರು ಸನ್ಮಾನಕ್ಕೆ ಕರೆದಾಗ ನನಗೆ ನಂಬಿಕೆಯೇ ಬರಲಿಲ್ಲ. ರಾಯಚೂರಿನ ಪ್ರಯೋಗಾಲಯದಲ್ಲಿ ಇಷ್ಟು ವರ್ಷ ನಾನು ನೋಡಿದ್ದು ಮೆಣಸಿನ ಗಿಡದ ಎಲೆ ಮುದುಡುವ ರೋಗ ಒಂದನ್ನೇ. ಬಿಳಿ ನೊಣ ಒಂದು ಗಿಡದ ರಸ ಹೀರಿ ಇನ್ನೊಂದರ ಮೇಲೆ ಕೂತರೆ ಅದರ ಜೊತೆ ವೈರಸ್ಸೂ ದಾಟುತ್ತದೆ. ಆ ವೈರಸ್ಸಿನ ಬೆನ್ನು ಹತ್ತಿ ಹೊಲ ಹೊಲ ಅಲೆದು ಎಲೆ ತರುವುದು, ಅರೆದು ಪರೀಕ್ಷಿಸುವುದು, ಕಂಡದ್ದನ್ನು ಬರೆಯುವುದು. ಇದಕ್ಕೆ ಯಾರು ಶಾಲು ಹೊದಿಸುತ್ತಾರೆ?

ಮಾನ್ವಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಅಬ್ಬಾ ಮಾತ್ರ ಬಜಾರಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಬಿಳಿ ಜುಬ್ಬಾ ಇಸ್ತ್ರಿ ಮಾಡಿಸಿಕೊಂಡು ನನ್ನ ಜೊತೆಗೇ ಹೊರಟರು.

ಪ್ರಿನ್ಸಿಪಾಲರು ನನ್ನ ಸಾಧನೆ ಓದತೊಡಗಿದರು. ಡೆಂಗಿ. ಮೆದುಳು ಜ್ವರ. ಬಸುರಿಯಿಂದ ಕೂಸಿಗೆ ದಾಟುವ ಸೋಂಕು. ದೇಶ ವಿದೇಶದವರು ತಮ್ಮ ಬರಹಗಳಲ್ಲಿ ಈ ಪ್ರಬಂಧಗಳನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಸಂಖ್ಯೆಯನ್ನು ಎತ್ತರದ ದನಿಯಲ್ಲಿ ಹೇಳಿದರು. ಮೊದಲು ಬೇರೆ ಯಾರದೋ ಹಾಳೆ ಓದುತ್ತಿದ್ದಾರೆ ಅಂದುಕೊಂಡೆ. ಆದರೆ ಹೆಸರು ನನ್ನದೇ, ಮುಂದಿನ ಇನಿಶಿಯಲ್ಲೂ ನನ್ನದೇ.

ಮೈಕಿನ ಮುಂದೆ ನಿಂತು ಹೇಳಿಬಿಟ್ಟೆ: "ಇವು ನನ್ನ ಕೆಲಸ ಅಲ್ಲ. ನಂದು ಮೆಣಸಿನ ಗಿಡ."

ಸಭೆ ಚಪ್ಪಾಳೆ ತಟ್ಟಿತು. "ಮೇಡಮ್ಮೋರು ಎಷ್ಟ್ ಸಾದಾ ಅದಾರ ನೋಡ್ರಿ," ಎಂದು ಪ್ರಿನ್ಸಿಪಾಲರು ಶಾಲು ಹೊದಿಸಿದರು. ಬೇಡ ಅನ್ನಬೇಕೋ ತಗೊಳ್ಳಬೇಕೋ ತಿಳಿಯದೆ ಹೊದ್ದುಕೊಂಡು ಕೂತೆ.

ಹೊರಗೆ ಬಂದಾಗ ಮಸರಕಲ್ ಊರಿನ ಹೆಣ್ಣುಮಗಳೊಬ್ಬಳು ಮಗಳನ್ನು ಎತ್ತಿಕೊಂಡು ನಿಂತಿದ್ದಳು.

"ಜ್ವರ ಇಳಿವಲ್ದ್ರೀ. ಸ್ವಲ್ಪ ನೋಡ್ರೀ."

"ನಾ ಗಿಡದ ಡಾಕ್ಟರ್ ಯವ್ವಾ."

"ಗಿಡಕ್ಕ ಬರೋದೂ ವೈರಸ್ಸೇ ಅಲ್ಲೇನ್ರಿ?"

ನಮ್ಮ ಕಾರಿನಲ್ಲೇ ಇಬ್ಬರನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರು ರಕ್ತ ನೋಡಿ, ಗಾಬರಿಯಾಗುವಂಥದ್ದೇನಿಲ್ಲ ಎಂದು ಔಷಧಿ ಕೊಟ್ಟರು. ಹುಡುಗಿ ಬೇಗ ಹುಷಾರಾದಳು. ಆ ತಾಯಿ ಮಾತ್ರ ಗುಣ ಮಾಡಿದವಳು ನಾನೇ ಎಂದು ಊರಲ್ಲೆಲ್ಲ ಹೇಳಿದಳಂತೆ.

ಅವತ್ತು ವಾಪಸ್ ಬರುವಾಗ ಅಬ್ಬಾ "ತೋ ವೋ ಸಬ್ ಕಿಸ್ಕಾ?" ಅಂದರು. ಹಾಗಾದರೆ ಅದೆಲ್ಲ ಯಾರದ್ದು? ನನಗೇನು ಗೊತ್ತು!

ಮನೆಗೆ ಬಂದು ಹುಡುಕಿದೆ. ವಿಜ್ಞಾನಿಗಳ ಪ್ರಬಂಧಗಳನ್ನು ಒಟ್ಟುಗೂಡಿಸುವ ಜಾಲತಾಣವೊಂದು ನನ್ನ ಹೆಸರಿನ ಪುಟದಲ್ಲಿ ಇನ್ನೊಬ್ಬಾಕೆಯ ಇಡೀ ಬದುಕನ್ನು ತಂದು ಸುರಿದಿತ್ತು. ತಪ್ಪು ತಿದ್ದಿ ಎಂದು ಬರೆದೆ. ಕೆಲವು ವಾರಗಳ ಮೇಲೆ ತಿದ್ದಿದರು. ಜ್ವರಗಳ ಜೊತೆ ನನ್ನ ಬಿಳಿ ನೊಣದ ಪ್ರಬಂಧವನ್ನೂ ಕಿತ್ತು ಆಕೆಗೇ ಕೊಟ್ಟರು. ನಮ್ಮ ವಿಭಾಗದ ಮುಖ್ಯಸ್ಥರು ಕರೆದು ಕೇಳಿದರು: "ಏನ್ ಮೇಡಂ, ನಿಮ್ ಉಲ್ಲೇಖದ ಸಂಖ್ಯೆ ಒಮ್ಮೆಲೆ ಬಿದ್ದದಲ್ಲ? ಆರೋಗ್ಯ ಚೊಲೋ ಅದ ಹೌದಿಲ್ಲೋ?"

ಕೊನೆಗೆ ಆಕೆಯನ್ನೇ ಹುಡುಕಿ ಫೋನ್ ಮಾಡಿದೆ. ಬೇರೆ ರಾಜ್ಯದಲ್ಲಿದ್ದರೂ ಕನ್ನಡ ಬಲ್ಲ ವೈದ್ಯೆ, ನನಗಿಂತ ಹಿರಿಯರು. ನನ್ನ ಹೆಸರು ಹೇಳಿದ್ದೇ ಆ ಕಡೆ ನಗು ಕೇಳಿಸಿತು.

"ಓ, ಮೆಣಸಿನಕಾಯಿ ನೀವೇನಾ? ಯಾರಾರೋ ನನಗೆ ಮುದುಡಿದ ಎಲೆಯ ಫೋಟೋ ಕಳಿಸಿ ಯಾವ ಔಷಧಿ ಹೊಡೀಬೇಕು ಅಂತ ಕೇಳ್ತಾರೆ. ನಾನು ಏನಂತ ಹೇಳಲಿ?"

ಇಬ್ಬರೂ ಫೋನ್ ಹಿಡಿದೇ ಅವರವರ ಕಂಪ್ಯೂಟರ್ ಮುಂದೆ ಕೂತು ಇದು ನಿಮ್ಮದು, ಇದು ನನ್ನದು ಎಂದು ಹಂಚಿಕೊಂಡೆವು. ಎಲ್ಲ ಮುಗಿದ ಮೇಲೆ ಒಂದು ಪ್ರಬಂಧ ಉಳಿಯಿತು. ಕುರಿಗಳ ಬಾಯಿಹುಣ್ಣಿನ ವೈರಸ್ಸಿನ ಬಗ್ಗೆ ಇತ್ತು.

"ಇದು ನಿಮ್ಮದಲ್ವಾ?" ಎಂದರು ಆಕೆ.

"ನಿಮ್ಮದು ಅಂತ ನಾನು ಸುಮ್ಮನಿದ್ದೆ."

ಇಬ್ಬರೂ ಕುರಿ ಮುಟ್ಟಿದವರಲ್ಲ. ಹಾಗಾದರೆ ಇದೇ ಹೆಸರಿನ ಮೂರನೆಯವರೊಬ್ಬರು ಇದ್ದಾರೆ. ಪ್ರಬಂಧದ ಕೆಳಗಿದ್ದ ವಿಳಾಸಕ್ಕೆ ಮೇಲ್ ಹಾಕಿದೆವು; ಅಂಥ ವಿಳಾಸವೇ ಇಲ್ಲ ಎಂದು ತಿರುಗಿ ಬಂತು. ಜೊತೆಗೆ ಬರೆದವರಲ್ಲಿ ಒಬ್ಬರು ಸಿಕ್ಕರು. ಆಕೆ ಮದುವೆಯಾಗಿ ಹೋದಳೋ ಕೆಲಸ ಬಿಟ್ಟಳೋ, ತಮಗೆ ನೆನಪಿಲ್ಲ ಎಂದರು.

ಆ ಪ್ರಬಂಧವನ್ನು ಪೂರ್ತಿ ಓದಿದೆ. ಒಳ್ಳೆಯ ಕೆಲಸ. ಅದನ್ನು ಈಗಲೂ ಯಾರಾದರೊಬ್ಬರು ಉಲ್ಲೇಖಿಸುತ್ತಾರೆ, ಹಾಗೆ ಆದಾಗಲೆಲ್ಲ ಜಾಲತಾಣ ನನಗೆ ಅಭಿನಂದನೆ ಕಳಿಸುತ್ತದೆ. ತೆಗೆಸಿಹಾಕಿದರೆ ಆಕೆಯ ಕೆಲಸ ಎಲ್ಲೂ ಇಲ್ಲದಂತಾಗುತ್ತದೋ ಏನೋ ಎಂದು ಸದ್ಯಕ್ಕೆ ನನ್ನ ಪುಟದಲ್ಲೇ ಇರಲು ಬಿಟ್ಟಿದ್ದೇನೆ. ಹಾಗೆ ಬಿಟ್ಟದ್ದು ಸರಿಯೋ ತಪ್ಪೋ, ಇನ್ನೂ ಗೊತ್ತಾಗಿಲ್ಲ.